ಕೇದಾರದ ಹಾದಿಯಲ್ಲಿ ಚಳ್ಳಕೆರೆ ಕಂಬಳಿ

ಕೇದಾರನಾಥದ ಕಾಲುದಾರಿಯಲ್ಲಿ ಲಿಂಚೋಲಿ ಹತ್ತಿರವಾದಂತೆ ಬೀಳತೊಡಗಿದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ. ಎರಡೂ ಕಲೆಸಿದ ರಾಡಿ. ದೀಪಾವಳಿಗೆ ಮುಂಚೆ ದಾವಣಗೆರೆ ಬಿಟ್ಟ ತಂಡ ಹಿಮಕ್ಕೆ ಹೆದರಿ ಸ್ವೆಟರ್ ಮೇಲೆ ಸ್ವೆಟರ್ ತುಂಬಿಕೊಂಡಿತ್ತು. ಕಾಡಿದ್ದು ನೀರು. ಒಣ ಹಿಮ ಬಿದ್ದರೆ ಕೊಡವಿದರೆ ಹೋಯಿತು. ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿರುವ ಮಳೆ ಕೊರಳಲ್ಲಿಳಿದು ಬೆನ್ನು ನೆನೆಸುತ್ತದೆ, ಆಮೇಲೆ ಗಾಳಿ ಬೀಸಿತೆಂದರೆ ಹಲ್ಲು ಕಟಕಟ.

ಲೆಕ್ಕ ಸುಲಭ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ನಡಿಗೆ ಶುರುವಾಗುವ ಗೌರಿಕುಂಡ 1,982 ಮೀಟರ್, ದೇಗುಲ 3,583. ಕೆಳಗೆ 10 ಡಿಗ್ರಿಯ ಮಳೆ ಇದ್ದರೆ ಮೇಲೆ ಹಿಮ, ನಡುವೆ ಈ ರಾಡಿ. ಈ ಕಾಲದ ಮೋಡ ನಮ್ಮ ಹಿಂಗಾರಿನದಲ್ಲ. ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಗಾಳಿಯ ಜೊತೆ ತೇಲಿಬರುವಂಥದ್ದು.

ಹತ್ತಿಗಿರಣಿಗಳಿಂದ ಹೆಸರಾದ ಊರಿನವರಿಗೆ ಹತ್ತಿ ಬೇಡ ಅನ್ನುವುದು ಕಷ್ಟ, ಆದರೂ ಬೇಡ. ಜೀನ್ಸ್ ಅಂತೂ ನೆನೆದರೆ ಎರಡು ದಿನ ಆರದು. ಗೌರಿಕುಂಡದಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಕೋಟು ಭೀಮಬಲಿ ಮುಟ್ಟುವಷ್ಟರಲ್ಲಿ ಕಂಕುಳಲ್ಲಿ ಹರಿಯಿತು. ತಂಡದಲ್ಲಿ ಬೆಚ್ಚಗಿದ್ದವರು ಒಬ್ಬರೇ, ಚಳ್ಳಕೆರೆ ಕಂಬಳಿಯನ್ನು ಕುರಿಗಾಹಿಗಳ ಹಾಗೆ ಕೊಪ್ಪೆ ಹಾಕಿಕೊಂಡವರು. ಉಣ್ಣೆ ನೆನೆದರೂ ಒಂದಿಷ್ಟು ಶಾಖ ಉಳಿಸಿಕೊಳ್ಳುತ್ತದೆ. ದೋಷವೆಂದರೆ ಭಾರ, ನೀರು ಕುಡಿದರೆ ಹೆಗಲು ಬೀಳುತ್ತದೆ.

ಗುಡಿಯಂಗಳದಲ್ಲಿ ಆ ಕಂಬಳಿ ನೋಡಿ ಒಬ್ಬ ಅರ್ಚಕರು ನಿಂತೇಬಿಟ್ಟರು. ‘ಚಳ್ಳಕೆರೆದಾ?’ ಅಚ್ಚ ಕನ್ನಡ! ಇಲ್ಲಿನ ರಾವಲರೂ (ಗುಡಿಯ ಮುಖ್ಯ ಗುರು) ಅರ್ಚಕರೂ ಪರಂಪರೆಯಿಂದ ಕರ್ನಾಟಕದ ವೀರಶೈವರು ಎಂದು ಗೊತ್ತಿದ್ದರೂ, ಹಿಮದ ನಡುವೆ ಆ ಮಾತು ಕೇಳಿ ಚಳಿಯೇ ಮರೆಯಿತು. ಅವರು ಅಂಚು ಹಿಂಡಿ ನೋಡಿದರು. ‘ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ ಇನ್ನೂ ಹೋಗಿಲ್ಲ, ಗಟ್ಟಿ ಐತಿ. ಒಗೀಬ್ಯಾಡ್ರಿ. ಮೇಲೆ ಒಂದು ತಾಡಪಾಲಿನ ತುಂಡು ಹೊದ್ಕೊಳ್ರಿ, ಭಾರ ಆಗಲ್ಲ.’ ಆಮೇಲೆ ಊರ ಕಡೆ ಮೆಕ್ಕೆಜೋಳದ ರೇಟು, ಶಾಂತಿಸಾಗರ ಕೆರೆಯ ನೀರು ಎಂದು ಅರ್ಧ ಗಂಟೆ. ಹೊರಡುವಾಗ ಮಾತ್ರ ದನಿ ಬಿಗಿಯಾಯಿತು: ‘ಬೆಳಿಗ್ಗೆ ಎಂಟರ ಒಳಗೆ ಇಳೀಬ್ಯಾಡ್ರಿ.’

ಕಾರಣ ಮರುದಿನ ಕಂಡಿತು. ಹಗಲು ಕರಗಿದ ನೀರು ಹಾದಿಯ ಕಲ್ಲಿನ ಮೇಲೆ ಹರಿದು ರಾತ್ರಿ ಗಾಜಾಗುತ್ತದೆ. ಬಿಳಿ ಹಿಮ ಕಣ್ಣಿಗೆ ಕಾಣುತ್ತದೆ, ಈ ಗಾಜು ಒದ್ದೆ ಕಲ್ಲಿನಂತಿದ್ದು ಮೋಸ ಮಾಡುತ್ತದೆ. ಬಿಸಿಲು ಬೀಳುವವರೆಗೆ ಕಾಯಬೇಕು. ಇಳಿಯಲೇಬೇಕಾದರೆ ಹಾದಿಯ ಅಂಚಿನ ಮಣ್ಣು ಹಿಡಿದು, ಪಾದವನ್ನು ಚಪ್ಪಟೆಯಾಗಿಟ್ಟು, ಗಿಡ್ಡ ಹೆಜ್ಜೆ. ಹಿಮ್ಮಡಿ ಮೊದಲು ಊರಿದವರೇ ಜಾರಿದ್ದು. ಕೋಲು ಒಂದಲ್ಲ, ಎರಡಿರಲಿ. ಹೇಸರಗತ್ತೆ ಬಂದರೆ ಗುಡ್ಡದ ಬದಿಗೆ ಸರಿಯಬೇಕು, ಕಣಿವೆಯ ಬದಿಗಲ್ಲ.

ತಿನ್ನಲು ಶೇಂಗಾ ಚಿಕ್ಕಿ ಒಳ್ಳೆಯದು. ಮಂಡಕ್ಕಿ ಹೊತ್ತವರದ್ದು ತೇವಕ್ಕೆ ಅರಳೆಯಾಯಿತು. ಮೇಲೆ ನೀರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದ ಅಂಗಡಿಯ ಅನ್ನ ಹಲ್ಲಿಗೆ ಕಲ್ಲು, ಪರೋಟವೇ ಮೇಲು.

ಬಲಿಪಾಡ್ಯಮಿಯ ಮರುದಿನ, ಯಮದ್ವಿತೀಯಕ್ಕೆ, ಗುಡಿಯ ಬಾಗಿಲು ಮುಚ್ಚುತ್ತದೆ. ದೇವರ ಡೋಲಿ (ಪಲ್ಲಕ್ಕಿ) ರಾಂಪುರ, ಗುಪ್ತಕಾಶಿಗಳಲ್ಲಿ ತಂಗಿ ಮೂರನೇ ದಿನ ಊಖೀಮಠ ಸೇರುತ್ತದೆ. ಹವಾಮಾನ ಕೆಟ್ಟರೆ ಹಟ ಬಿಟ್ಟು, ಮುಂದಿನ ಆರು ತಿಂಗಳು ಪೂಜೆ ನಡೆಯುವ ಊಖೀಮಠದ ಓಂಕಾರೇಶ್ವರ ಗುಡಿಗೇ ಹೋಗಬಹುದು. ಅಲ್ಲಿಗೆ ವಾಹನ ಹೋಗುತ್ತದೆ.

ವಾಪಸ್ ರೈಲಿಗೆ ಎರಡು ದಿನ ಅಂತರವಿರಲಿ. ರುದ್ರಪ್ರಯಾಗ–ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು) ನಡುವಿನ ಸಿರೋಬಗಡ್‌ನಲ್ಲಿ ಮಳೆ ಬಂದರೆ ಗುಡ್ಡ ರಸ್ತೆಗೆ ಇಳಿಯುತ್ತದೆ, ಜೆಸಿಬಿ ಬರುವತನಕ ಸಾಲುಗಟ್ಟಿ ನಿಲ್ಲಬೇಕು. ಟ್ಯಾಕ್ಸಿ ಮಾತಾಡುವಾಗಲೇ ಹೀಗೆ ನಿಂತ ದಿನದ ಬಾಡಿಗೆ ಎಷ್ಟೆಂದು ಕಾಗದದಲ್ಲಿ ಬರೆಸಿಕೊಳ್ಳಬೇಕಿತ್ತು. ಬರೆಸಿರಲಿಲ್ಲ, ಋಷಿಕೇಶದಲ್ಲಿ ಇಳಿದ ಮೇಲೆ ಆ ಜಗಳ ರೈಲಿನ ಹೊತ್ತಿನವರೆಗೂ ನಡೆಯಿತು.