ಸಹಿ ಬೀಳದ ಕಾಗದ

ನಮ್ಮ ಶಾಲೆಯ ಪ್ರಾರ್ಥನೆ ತಂಡದಲ್ಲಿ ನಾವು ಐದು ಹುಡುಗಿಯರು. ಟೀಚರ್ ಹಾರ್ಮೋನಿಯಂ ನುಡಿಸಲು ಶುರು ಮಾಡಿದರೆ ನಮ್ಮ ಕಣ್ಣೆಲ್ಲ ಒಬ್ಬಳ ಮೇಲೆ. ಅವಳು ಲಂಗದ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ತಲೆ ಆಡಿಸಬೇಕು, ಆಮೇಲೇ ನಾವು ಬಾಯಿ ತೆರೆಯುತ್ತಿದ್ದದ್ದು.

ಈಗ ನಾನು ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದೇನೆ. ಇಲ್ಲಿ ಮಾರ್ವೆಲೆಟ್ಸ್ ತಂಡದ ಕಥೆ ಕೇಳಿದಾಗಿನಿಂದ ಅವಳು ತುಂಬಾ ನೆನಪಾಗುತ್ತಾಳೆ.

ಪಕ್ಕದ ಇಂಕ್‌ಸ್ಟರ್ ಊರಿನ ಹೈಸ್ಕೂಲಲ್ಲಿ ಹುಟ್ಟಿದ ಸೋಲ್ ಸಂಗೀತದ ತಂಡ ಅದು. ಗ್ಲಾಡಿಸ್ ಹಾರ್ಟನ್ ಎಂಬ ಹುಡುಗಿ ಶಾಲೆಯಲ್ಲಿ ಜೊತೆಗೆ ಹಾಡುತ್ತಿದ್ದ ಗೆಳತಿಯರನ್ನು ಸೇರಿಸಿದಳು. ಆಗಲೇ ಓದು ಮುಗಿಸಿದ್ದ ಜಾರ್ಜಿಯಾ ಡಾಬಿನ್ಸ್‌ಳನ್ನೂ ಕರೆದಳು. 1961ರಲ್ಲಿ ಶಾಲೆಯಲ್ಲಿ ಪ್ರತಿಭಾ ಸ್ಪರ್ಧೆ. ಮೊದಲ ಮೂರು ಸ್ಥಾನ ಬಂದವರಿಗೆ ಮೋಟೌನ್ ರೆಕಾರ್ಡ್ ಕಂಪನಿಯವರ ಮುಂದೆ ಹಾಡುವ ಅವಕಾಶ. ಇವರಿಗೆ ಬಂದದ್ದು ನಾಲ್ಕನೇ ಸ್ಥಾನ! ಆದರೆ ಅವರ ಟೀಚರ್ ಶರ್ಲಿ ಶಾರ್ಪ್ಲಿ ಬಿಡಲಿಲ್ಲ. ಇವರನ್ನೂ ಕಳಿಸೋಣ ಎಂದು ಒಪ್ಪಿಸಿದರು. ಟೀಚರ್ ಅಂದ್ರೆ ಹೀಗಿರಬೇಕು ಅಲ್ವಾ?

ಸ್ವಂತ ಹಾಡು ತನ್ನಿ ಎಂದರು ಕಂಪನಿಯವರು. ಜಾರ್ಜಿಯಾ ಗೆಳೆಯನೊಬ್ಬನಿಂದ ಒಂದು ಬ್ಲೂಸ್ ಹಾಡು ತಂದಳು. ಹೆಸರು ಮಾತ್ರ ಉಳಿಸಿಕೊಂಡು, ರಾತ್ರಿ ಬೆಳಗಾಗುವುದರೊಳಗೆ ಹೊಸದಾಗಿ ಬರೆದಳು. ಅದೇ ‘ಪ್ಲೀಸ್ ಮಿಸ್ಟರ್ ಪೋಸ್ಟ್‌ಮ್ಯಾನ್’. ಪ್ರಿಯಕರನ ಕಾಗದ ಬಂತಾ ಎಂದು ಅಂಚೆಯಣ್ಣನನ್ನು ಕೇಳುವ ಹುಡುಗಿಯ ಹಾಡು. ಅದನ್ನು ತಿದ್ದಿ ರೂಪ ಕೊಟ್ಟವರಲ್ಲಿ ಒಬ್ಬರಾದ ಫ್ರೆಡಿ ಗೋರ್ಮನ್ ನಿಜವಾಗಿಯೂ ಅಂಚೆ ಹಂಚುತ್ತಿದ್ದರು!

ಆದರೆ ಕಂಪನಿಯ ಕರಾರಿಗೆ ಜಾರ್ಜಿಯಾಳ ತಂದೆ ಸಹಿ ಹಾಕಲಿಲ್ಲ. ಅವಳು ತಂಡ ಬಿಟ್ಟಳು, ವಾಂಡಾ ಯಂಗ್ ಬಂದಳು. ಮುಂದೆ ನಿಂತು ಹಾಡಿದವಳು ಗ್ಲಾಡಿಸ್. ಡ್ರಮ್ ಬಾರಿಸಿದವರು ಮುಂದೆ ದೊಡ್ಡ ಗಾಯಕರಾದ ಮಾರ್ವಿನ್ ಗೇ. ಅದೇ ಡಿಸೆಂಬರಿನಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ‘ಬಿಲ್‌ಬೋರ್ಡ್ ಹಾಟ್ 100’ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಮೋಟೌನ್‌ಗೆ ಆ ಪಟ್ಟಿಯಲ್ಲಿ ಒಂದನೇ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ರೇಡಿಯೋದಲ್ಲಿ ಆ ಹಾಡು ಬಂದಾಗ ಜಾರ್ಜಿಯಾ ಮನೆಯಲ್ಲಿ ಹೇಗೆ ಕೂತು ಕೇಳಿರಬಹುದು? ನನಗೆ ಅದೇ ಯೋಚನೆ.

ನಮ್ಮ ತಂಡ ಜಿಲ್ಲಾ ಸ್ಪರ್ಧೆಗೆ ಹೋಗಬೇಕಾದಾಗ ನಮ್ಮ ಗೆಳತಿಯ ಒಪ್ಪಿಗೆ ಪತ್ರಕ್ಕೂ ಮನೆಯಲ್ಲಿ ಸಹಿ ಬೀಳಲಿಲ್ಲ. ಹಾಡಿಗೆ ರಾಗ ಹಾಕಿದ್ದೇ ಅವಳು. ನಾವು ನಾಲ್ವರೇ ಹೋಗಿ ಹಾಡಿ ಬಂದೆವು. ಸಂಜೆ ಬಸ್ಸಿಳಿದರೆ ಅವಳು ಸ್ಟಾಪಿನಲ್ಲೇ ಕಾಯುತ್ತಿದ್ದಳು. ಬಹುಮಾನ ಬಂತಾ ಅಂತ ಕೇಳಲಿಲ್ಲ. ನನ್ನ ಕೈ ಹಿಡಿದು, “ಶ್ರುತಿ ಜಾಸ್ತಿ ಆಗ್ಲಿಲ್ಲ ತಾನೇ?” ಅಂದಳು.