ಮೂರನೇ ಮಹಡಿಯ ಸರದಿ

ಸ್ಪೇನಿನ ವೆಲೆನ್ಸಿಯಾದ ಮಾರುಕಟ್ಟೆಯಲ್ಲಿ ಸಾಲು ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯ ಮುಂದೆ ಎಂಟು ಹತ್ತು ಜನ ಎಲ್ಲೆಂದರಲ್ಲಿ ನಿಂತಿರುತ್ತಾರೆ. ಹೊಸದಾಗಿ ಬಂದವರು ‘ಕೊನೆಯವರು ಯಾರು?’ ಎಂದು ಗಟ್ಟಿಯಾಗಿ ಕೇಳಬೇಕು. ಯಾರೋ ಒಬ್ಬರು ಕೈಯೆತ್ತುತ್ತಾರೆ. ಆ ಮುಖವನ್ನು ನೆನಪಿಟ್ಟುಕೊಂಡರಾಯಿತು, ಆಮೇಲೆ ಪಕ್ಕದ ಮೀನಂಗಡಿಗೆ ಹೋಗಿ ಬಂದರೂ ನಿಮ್ಮ ಜಾಗ ನಿಮ್ಮದೇ. ಇನ್ನೊಬ್ಬರು ಬಂದು ಕೇಳಿದಾಗ ಕೈಯೆತ್ತುವ ಹೊಣೆ ಮಾತ್ರ ನಿಮ್ಮ ಮೇಲಿರುತ್ತದೆ.

ಆ ಗುರುವಾರ ರಜೆ ಹಾಕಿದ್ದೆ. ಸಂಜೆ ನಮ್ಮ ಕಟ್ಟಡದ ವಾರ್ಷಿಕ ಸಭೆ, ಹಗಲೆಲ್ಲ ಬಿಡುವು. 1928ರಲ್ಲಿ ತೆರೆದ ಸೆಂಟ್ರಲ್ ಮಾರುಕಟ್ಟೆಯ ಗಾಜಿನ ಗುಮ್ಮಟದ ಕೆಳಗೆ ತರಕಾರಿಗೆ ಕಾಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಗರೊಫೋ. ಇಲ್ಲಿನವರು ಪಯೇಯಾ ಎಂಬ ತಮ್ಮ ಅಕ್ಕಿಯ ಅಡುಗೆಗೆ ಹಾಕುವ, ಅಗಲವಾದ ಬಿಳಿ ಕಾಳು ಅದು. ಅವರೆಯ ಸೊಗಡು ಅದಕ್ಕಿಲ್ಲ, ಆದರೂ ಚೆನ್ನಾಗಿ ಬೇಯುತ್ತದೆ. ಮಂಡ್ಯದವನಿಗೆ ಚಳಿಗಾಲದಲ್ಲಿ ಅಷ್ಟಾದರೂ ಬೇಕು. ನನ್ನ ಹಿಂದಿನ ಸರದಿಯ ಅಜ್ಜಿ ಚೀಲಕ್ಕೆ ಇಣುಕಿದರು.

“ಪಯೇಯಾ ಮಾಡುತ್ತೀಯೇನಪ್ಪ?”

“ಇಲ್ಲ, ಸಾರು. ತೆಂಗಿನಕಾಯಿ ರುಬ್ಬಿ ಹಾಕಿ.”

ಅವರು ಒಂದು ಕ್ಷಣ ಯೋಚಿಸಿದರು. “ಪಯೇಯಾಕ್ಕೆ ತೆಂಗಿನಕಾಯಿ ಹಾಕುವುದಿಲ್ಲ ತಾನೆ?” ಇಲ್ಲ ಎಂದು ಮಾತು ಕೊಟ್ಟ ಮೇಲೆಯೇ ಸಮಾಧಾನವಾಯಿತು. ಈ ಊರಿನವರಿಗೆ ಧರ್ಮದ ವಿಷಯದಲ್ಲಿ ಭಿನ್ನಾಭಿಪ್ರಾಯ ನಡೆಯುತ್ತದೆ, ಪಯೇಯಾದ ವಿಷಯದಲ್ಲಿ ನಡೆಯುವುದಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಕೆಥೆಡ್ರಲ್ ಬಾಗಿಲಿಗೆ ಹೋದೆ. ಗುರುವಾರ ಬಿಡುವಿದ್ದರೆ ಅದನ್ನು ತಪ್ಪಿಸುವುದಿಲ್ಲ. ಅಪೊಸ್ತಲರ ಬಾಗಿಲ ಮುಂದೆ ಕಬ್ಬಿಣದ ಕಟಕಟೆಯೊಳಗೆ ಮರದ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿರುತ್ತಾರೆ. ಗಂಟೆ ಹೊಡೆಯುತ್ತಿದ್ದಂತೆ ಕಪ್ಪು ನಿಲುವಂಗಿ ತೊಟ್ಟವರು ಬಂದು ಕೂರುತ್ತಾರೆ. ಇದು ನೀರಿನ ನ್ಯಾಯಾಲಯ. ತೂರಿಯಾ ನದಿಯ ನೀರುಣ್ಣುವ ಎಂಟು ಕಾಲುವೆಗಳ ರೈತರು ತಮ್ಮೊಳಗಿಂದ ಆರಿಸಿ ಕಳುಹಿಸಿದವರೇ ಇಲ್ಲಿನ ನ್ಯಾಯಾಧೀಶರು. ವಕೀಲರಿಲ್ಲ, ಕಡತವಿಲ್ಲ, ಎಲ್ಲವೂ ಬಾಯಿಮಾತಿನಲ್ಲಿ, ಅದೂ ವೆಲೆನ್ಸಿಯನ್ ಭಾಷೆಯಲ್ಲಿ. ಯಾವ ಕಾಲುವೆಯ ಮೇಲೆ ದೂರು ಬಂದಿದೆಯೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವಂತಿಲ್ಲ. 2009ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದಲೋ ಏನೋ, ರೈತರಿಗಿಂತ ಮೊಬೈಲ್ ಎತ್ತಿ ಹಿಡಿದ ಪ್ರವಾಸಿಗರೇ ಹೆಚ್ಚು. ಹೆಚ್ಚಿನ ವಾರಗಳಲ್ಲಿ ದೂರೇ ಇರುವುದಿಲ್ಲ. ಕಾಲುವೆಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ, ಯಾರೂ ಬರುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಎದ್ದು ಹೋಗುತ್ತಾರೆ. ಇಷ್ಟೇನಾ ಎಂದು ಪ್ರವಾಸಿಗರು ಮುಖ ಮುಖ ನೋಡಿಕೊಳ್ಳುತ್ತಾರೆ.

ನನಗೆ ಹಾಗನ್ನಿಸುವುದಿಲ್ಲ. ನಮ್ಮ ಗದ್ದೆ ಇರುವುದು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ. ಕಟ್ಟು ನೀರಿನ ದಿನಗಳಲ್ಲಿ ಅಪ್ಪ ಟಾರ್ಚ್ ಹಿಡಿದು ರಾತ್ರಿಯೆಲ್ಲ ತೂಬಿನ ಬಳಿ ಕುಳಿತಿರುತ್ತಿದ್ದರು. ಮೇಲಿನವರು ಕದ್ದು ನೀರು ತಿರುಗಿಸಿಕೊಂಡರೆ ನೀರುಗಂಟಿಯೊಡನೆ ಜಗಳ, ಆಮೇಲೆ ಠಾಣೆ, ಆಮೇಲೆ ಮದುವೆ ಮುಂಜಿಗೂ ಹೋಗದಷ್ಟು ಹಗೆ. ದೂರು ಕೊಡಲು ಯಾರೂ ಬಾರದ ನ್ಯಾಯಾಲಯ ನನ್ನ ಕಣ್ಣಿಗೆ ದೊಡ್ಡ ಸಂಗತಿಯೇ.

ಸಭೆಯ ಮೊದಲ ಕರೆ ಏಳಕ್ಕೆ, ಎರಡನೆಯದು ಏಳೂವರೆಗೆ ಎಂದು ಲಿಫ್ಟ್ ಪಕ್ಕ ಚೀಟಿ ಅಂಟಿಸಿದ್ದರು. ಮೊದಲ ಕರೆಗೆ ಸಾಕಷ್ಟು ಜನ ಸೇರದಿದ್ದರೆ ಅರ್ಧ ಗಂಟೆಯ ನಂತರ ಬಂದಷ್ಟೇ ಜನರನ್ನಿಟ್ಟುಕೊಂಡು ನಡೆಸಬಹುದು. ಹಾಗಾಗಿ ಎಲ್ಲರೂ ಏಳೂವರೆಗೇ ಬರುತ್ತಾರೆ. ಕೆಳಗಿನ ಹಜಾರದಲ್ಲಿ ಅವರವರ ಮನೆಯಿಂದ ತಂದ ಮಡಿಸುವ ಕುರ್ಚಿಗಳು. ಲಿಫ್ಟ್ ರಿಪೇರಿ, ನೀರಿನ ಬಿಲ್ಲು ಎಲ್ಲ ಮುಗಿದು ಅಧ್ಯಕ್ಷರ ವಿಷಯ ಬಂತು. 1960ರ ಕಾನೂನಿನಂತೆ ಮನೆಗಳ ಮಾಲೀಕರಲ್ಲೇ ಒಬ್ಬರು ಅಧ್ಯಕ್ಷರಾಗಬೇಕು. ಚುನಾವಣೆ ಇಲ್ಲದಿದ್ದರೆ ಸರದಿ ಅಥವಾ ಚೀಟಿ ಎತ್ತುವುದು. ಬೇಡವೆನ್ನುವವರು ಒಂದು ತಿಂಗಳೊಳಗೆ ನ್ಯಾಯಾಧೀಶರಲ್ಲಿ ಬಿಡುಗಡೆ ಕೇಳಬೇಕು. ನಮ್ಮಲ್ಲಿ ಸರದಿ. ಹೋದ ಸಲ ಎರಡನೇ ಮಹಡಿ, ಈ ಸಲ ಮೂರನೆಯದು, ಅಂದರೆ ನಾನು.

ಐದನೇ ಮಹಡಿಯವರು ಬಹಳ ನಯವಾಗಿ ಹೇಳಿದರು: “ಮೂರನೆಯವರಿಗೆ ಕಾಗದಪತ್ರ, ಭಾಷೆ ಎಲ್ಲ ತೊಂದರೆಯಾಗಬಹುದು. ನೇರವಾಗಿ ನಾಲ್ಕಕ್ಕೆ ಹೋಗೋಣವೇ?” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಸಂಶಯವಿಲ್ಲ. ನನಗೂ ಒಳಗೊಳಗೇ ಹಾಯೆನಿಸಿತು, ಯಾರಿಗೆ ಬೇಕು ಸಂಬಳವಿಲ್ಲದ ಈ ಬೈಗುಳದ ಹುದ್ದೆ. ಅಷ್ಟರಲ್ಲಿ ಮೊದಲನೇ ಮಹಡಿಯ ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

“ಯಾಕೆ ಬಿಡಬೇಕು? ನನ್ನ ಗಂಡ ತೀರಿಕೊಂಡ ವರ್ಷವೇ ನನ್ನ ಸರದಿ ಬಂದಿತ್ತು. ಆಗ ನನ್ನನ್ನು ಯಾರಾದರೂ ಬಿಟ್ಟಿರೇ? ಮೂರನೆಯದು ಅಂದರೆ ಮೂರನೆಯದು.”

ಯಾರೂ ಎದುರಾಡಲಿಲ್ಲ. ಆ ಅಜ್ಜಿ ನನ್ನನ್ನು ಒಂದು ದಿನವೂ ನಗುತ್ತ ಮಾತನಾಡಿಸಿದವರಲ್ಲ. ಲಿಫ್ಟಿನಲ್ಲಿ ನಮಸ್ಕಾರ ಹೇಳಲು ತಡವಾದರೆ ಬಾಗಿಲು ಮುಚ್ಚುವ ಮೊದಲೇ ಗದರುವವರು. ಊರಿನ ಬಗ್ಗೆ ನನಗೆ ಪ್ರೀತಿಯಿಂದ ವಿವರಿಸಿದ ಜನ ಇಲ್ಲಿ ಬಹಳ. ಅವರೆಲ್ಲರ ಮಾತಿಗಿಂತ ಈ ಗದರಿಕೆ ಒಳಕ್ಕಿಳಿಯಿತು. ಅತಿಥಿಗೆ ಸರದಿ ಬರುವುದಿಲ್ಲವಲ್ಲ. ಆಗಲಿ ಎಂದೆ. ತಾರಸಿಯ ಬೀಗದ ಕೈ, ಮೀಟರ್ ಕೋಣೆಯ ಬೀಗದ ಕೈ, ದಪ್ಪನೆಯ ಒಂದು ಫೈಲು ನನ್ನ ತೊಡೆಯ ಮೇಲೆ ಬಂದು ಬಿದ್ದವು.

ಕುರ್ಚಿ ಮಡಿಸುವ ಮೊದಲೇ ಮೊದಲ ದೂರು. ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟಿರುವ ಗಾಳಿಬಾವಿಯಲ್ಲಿ ನಾಲ್ಕನೆಯವರು ಬಟ್ಟೆ ಸರಿಯಾಗಿ ಹಿಂಡದೆ ಒಣಹಾಕುತ್ತಾರಂತೆ, ನೀರು ಎರಡನೆಯವರ ಒಣಗಿದ ಹಾಸಿಗೆ ಬಟ್ಟೆಗಳ ಮೇಲೆ ಸುರಿಯುತ್ತದಂತೆ. ನಾಲ್ಕರಿಂದ ಎರಡಕ್ಕೆ ಇಳಿಯುವ ನೀರು ನನ್ನ ಅಡುಗೆಮನೆಯ ಕಿಟಕಿಯ ಮುಂದೆಯೇ ಹಾಯಬೇಕು. ನಾನು ಅದೇ ಕಾಲುವೆಯವನು, ತೀರ್ಪು ಹೇಳುವಂತಿಲ್ಲ ಎಂದೆ. ಇಬ್ಬರಿಗೂ ಅದು ಒಪ್ಪಿಗೆಯಾಗಲಿಲ್ಲ. ಕಿಟಕಿ ನಿಮ್ಮದೇ ಆದ್ದರಿಂದ ನಿಮಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ ಎಂದರು. ಶನಿವಾರ ಹನ್ನೊಂದಕ್ಕೆ ಇಬ್ಬರೂ ನನ್ನ ಅಡುಗೆಮನೆಗೆ ಬಂದು ನಿಂತು ನೋಡುವುದೆಂದು ತೀರ್ಮಾನವಾಯಿತು.