ಬೋಧಗಯಾದಲ್ಲಿ ಕೂತು ಉಸಿರು ಎಣಿಸಿದ್ದು

ಉಸಿರು ಎಣಿಸೋಕೆ ಬೋಧಗಯಾ ತನಕ ಹೋಗ್ಬೇಕಾ ಅಂತ ಫ್ರೆಂಡ್ಸ್ ಆಡ್ಕೊಂಡ್ರು, ನನಗೂ ಒಳಗೊಳಗೇ ಡೌಟ್ ಇತ್ತು ಅನ್ನಿ. ಎರಡು ವರ್ಷದಿಂದ ಮನೇಲಿ ಆನಾಪಾನಸತಿ, ಅಂದ್ರೆ ಉಸಿರನ್ನ ಗಮನಿಸೋ ಬೌದ್ಧ ಧ್ಯಾನ, ಮಾಡ್ತಿದೀನಿ, ಒಂದರಿಂದ ಹತ್ತು ಎಣಿಸಿ ಮತ್ತೆ ಒಂದಕ್ಕೆ ಬರೋದು, ಅಷ್ಟೇ, ಆದ್ರೆ ಆರು ದಾಟೋಷ್ಟ್ರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತೆ. ಬುದ್ಧ ಕೂತ ಜಾಗದಲ್ಲಾದ್ರೂ ದಾಟ್ತೀನೇನೋ ಅನ್ನೋ ಆಸೆ.

ಗಯಾದಲ್ಲಿ ಟ್ರೇನ್ ಇಳಿದು ಆಟೋ ಹಿಡಿದು ಹೋದೆ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಮಹಾಬೋಧಿ ದೇವಸ್ಥಾನ. ಮೊಬೈಲ್ ಒಳಗೆ ಬಿಡಲ್ಲ, ಕೌಂಟರಲ್ಲಿ ಇಡ್ಬೇಕು. ಪೀಡೆ ತೊಲಗ್ತು ಅಂದ್ಕೊಂಡೆ, ನೋಡಿದ್ರೆ ಕೂತು ಐದು ನಿಮಿಷಕ್ಕೆ ಬಲಗೈ ತಾನಾಗೇ ಖಾಲಿ ಜೇಬು ತಡಕಾಡ್ತಿದೆ!

ದೇವಸ್ಥಾನದ ಹಿಂದೆ, ಪಶ್ಚಿಮಕ್ಕೆ ಬೋಧಿವೃಕ್ಷ, ಅದರ ಬುಡದಲ್ಲಿ ವಜ್ರಾಸನ, ಬುದ್ಧ ಕೂತ ಜಾಗ ಅಂತ ಗುರುತಿಸೋ ಕಲ್ಲಿನ ಪೀಠ. ಈಗಿರೋದು ಬುದ್ಧನ ಕಾಲದ ಮರ ಅಲ್ಲ, ಇದಕ್ಕೆ ಮುಂಚೆ ಇದ್ದದ್ದು 1876ರಲ್ಲಿ ಗಾಳಿಮಳೆಗೆ ಬಿದ್ದೋಯ್ತು, ಇದನ್ನ 1881ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ನೆಡಿಸಿದ್ದು. ಪ್ರಶಾಂತವಾಗಿರುತ್ತೆ ಅಂದ್ಕೊಂಡಿದ್ರೆ ಮರೆತುಬಿಡಿ. ಒಂದ್ಕಡೆ ಮೈಕಲ್ಲಿ ಪಾಲಿ ಪಠಣ, ಇನ್ನೊಂದ್ಕಡೆ ಟಿಬೆಟನ್ನರು ಹಲಗೆ ಮೇಲೆ ಉದ್ದಂಡ ನಮಸ್ಕಾರ ಹಾಕ್ತಿದ್ರು, ಅಂಗೈ ಜಾರಿದಾಗೆಲ್ಲ ಸರ್... ಸರ್... ಅಂತ ಸದ್ದು.

ಆ ಗಲಾಟೇಲೇ ನನ್ನ ತಪ್ಪು ಗೊತ್ತಾಗಿದ್ದು. ಉಸಿರು ಉದ್ದ ಇದ್ರೆ ಉದ್ದ ಅಂತ ತಿಳ್ಕೋ, ಗಿಡ್ಡ ಇದ್ರೆ ಗಿಡ್ಡ ಅಂತ ತಿಳ್ಕೋ, ಬುದ್ಧ ಹೇಳಿದ್ದು ಇಷ್ಟು, ನಾನು ಪ್ರಾಣಾಯಾಮದ ಹಳೇ ಚಟಕ್ಕೆ ಇಷ್ಟು ದಿನ ಉಸಿರನ್ನ ಎಳೆದೆಳೆದು ಉದ್ದ ಮಾಡ್ತಿದ್ದೆ. ಇಲ್ಲಿ ಕಿವಿ ಎಲ್ಲೆಲ್ಲೋ ಓಡ್ತಿತ್ತಲ್ಲ, ಎಳೆಯೋದು ಮರೆತೋಯ್ತು, ಉಸಿರು ಅದರ ಪಾಡಿಗೆ ಮೂಗಿನ ತುದೀಲಿ ತಣ್ಣಗೆ ಒಳಗೆ ಹೋಗಿ ಸ್ವಲ್ಪ ಬೆಚ್ಚಗೆ ಹೊರಗೆ ಬರ್ತಿತ್ತು. ನಾಲ್ಕು, ಐದು... ಅಷ್ಟರಲ್ಲಿ ಮರದಿಂದ ಒಂದು ಎಲೆ ಬಿತ್ತು, ಸುತ್ತ ಕೂತಿದ್ದೋರೆಲ್ಲ ಅದನ್ನ ಎತ್ಕೊಳ್ಳೋಕೆ ನುಗ್ಗಿದ್ರು, ನಾಚಿಕೆ ಬಿಟ್ಟು ಹೇಳ್ತೀನಿ, ನಾನೂ ಅರ್ಧ ಎದ್ದಿದ್ದೆ. ಎಲೆ ಸಿಗ್ಲಿಲ್ಲ, ಎಣಿಕೇನೂ ಹೋಯ್ತು.

ಕಾಲು ಜೋಮು ಹಿಡಿದಿತ್ತು. ಕುಂಟ್ಕೊಂಡು ಉತ್ತರದ ಕಡೆ ಚಂಕ್ರಮಣಕ್ಕೆ ಹೋದೆ, ಜ್ಞಾನೋದಯ ಆದ್ಮೇಲೆ ಬುದ್ಧ ಅಲ್ಲಿ ಒಂದು ವಾರ ನಡೆದಾಡಿದ ಅಂತಾರೆ, ಹೆಜ್ಜೆಗಳ ಗುರುತಿಗೆ ಕಲ್ಲಿನ ಕಮಲಗಳಿವೆ. ಅದರ ಪಕ್ಕದಲ್ಲೇ ನಿಧಾನಕ್ಕೆ ನಡೆದೆ, ಹಿಮ್ಮಡಿ, ಅಂಗಾಲು, ಬೆರಳು, ಜೋಮು ಬಿಡೋವಾಗಿನ ಆ ಚುಚ್ಚುಚ್ಚು ನೋವು. ಕೂತಿದ್ದಕ್ಕಿಂತ ಇದೇ ಚೆನ್ನಾಗಿ ಆಯ್ತು.

ಹೊರಗೆ ಬಂದು ಟೋಕನ್ ಕೊಟ್ಟು ಮೊಬೈಲಿಗೆ ಕೈ ಚಾಚಿದೆ. ಉಸಿರು ಗಿಡ್ಡ ಆಗಿತ್ತು.